ಗ್ರೀನ್ ಕಾರ್ಡ್ ಇದ್ದವರಿಗೆ ಅಮೆರಿಕದಲ್ಲಿ ಮನೆ ಸಾಲ ಸಿಗುತ್ತಾ? ಡೌನ್ ಪೇಮೆಂಟ್ ಜಾಸ್ತಿ ಕಟ್ಟಬೇಕಾ?

ಸಿಗುತ್ತದೆ, ಜಾಸ್ತಿಯೇನೂ ಕಟ್ಟಬೇಕಿಲ್ಲ. ಬ್ಯಾಂಕುಗಳಿಂದ ಮನೆ ಸಾಲಗಳನ್ನು ಕೊಳ್ಳುವ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳ ನಿಯಮದಲ್ಲಿ ನಿಮಗೂ ನಾಗರಿಕರಿಗೂ ಒಂದೇ ಷರತ್ತು. ಎಫ್‌ಎಚ್‌ಎ ಅಂದರೆ ಸರ್ಕಾರದ ಖಾತರಿ ಇರುವ ಸಾಲವಾದರೆ, ಕ್ರೆಡಿಟ್ ಸ್ಕೋರ್ 580 ಇದ್ದರೆ ಶೇ 3.5ರಷ್ಟು ಕೈಯಿಂದ ಹಾಕಿದರೂ ನಡೆಯುತ್ತದೆ. ಆದರೆ ಕಂತಿನ ಜೊತೆ ಆ ಸಾಲದ ಇನ್ಶೂರೆನ್ಸ್ ಖರ್ಚೂ ಬರುತ್ತದೆ.

ನಮ್ಮವರು ಎಡವುವುದು ಬೇರೆ ಕಡೆ. ಊರಿಂದ ಅಪ್ಪ ಕಳಿಸಿದ ದುಡ್ಡು ಖಾತೆಯಲ್ಲಿ ಸುಮ್ನೆ ಕೂತಿರುತ್ತದೆ ಅಲ್ವಾ? ಸಾಲ ಕೊಡುವವರು ಎರಡು ತಿಂಗಳ ಸ್ಟೇಟ್‌ಮೆಂಟ್ ತೆಗೆದು ‘ಇದೆಲ್ಲಿಂದ ಬಂತು?’ ಅಂತ ಕೇಳುತ್ತಾರೆ. ‘ವಾಪಸ್ ಕೊಡಬೇಕಿಲ್ಲ’ ಅಂತ ಅಪ್ಪ ಸಹಿ ಹಾಕಿದ ಗಿಫ್ಟ್ ಲೆಟರ್, ಹಣ ಕಳಿಸಿದ ರಸೀದಿ ಮೊದಲೇ ತೆಗೆದಿಡಿ. ಹಾಂ, ಊರಿನ ಸಿಬಿಲ್ ಸ್ಕೋರ್ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಕ್ರೆಡಿಟ್ ಕಾರ್ಡ್ ಬಿಲ್ ತಪ್ಪದೆ ಕಟ್ಟಿ ಹೊಸದಾಗಿಯೇ ಬೆಳೆಸಬೇಕು.