ಶೆಡ್ಡಿನ ಕಟ್ಟೆ: ಚಳ್ಳಕೆರೆ ಗೋದಾಮಿನ ಫೋರ್ಡ್ ಕೂಪೆ ಮತ್ತು ಇತರ ಪ್ರಶ್ನೆಗಳು

ದಾವಣಗೆರೆ ನಿಟುವಳ್ಳಿಯ ನಮ್ಮ ಮನೆ ಹಿತ್ತಲ ಶೆಡ್ಡಿನಲ್ಲಿ ನಾನು ಆರು ವರ್ಷ ಕೂತು ಕಟ್ಟಿದ ಹಾಟ್ ರಾಡ್ ಕೂಪೆಯ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಹಳೇ ಫೋರ್ಡ್ ಬಾಡಿ, ಮಡ್‌ಗಾರ್ಡ್ ಕಳಚಿದ ಗಾಲಿ, ಬೇರೆ ಗಾಡಿಯ ಎಂಜಿನ್. ಹಳೇ ಗಾಡಿಯನ್ನು ಹೀಗೆ ಹಗುರ ಮಾಡಿ ಜೋರಾಗಿ ಓಡುವಂತೆ ಕಟ್ಟಿದರೆ ಅದೇ ಹಾಟ್ ರಾಡ್. ಕೂಪೆ ಅಂದರೆ ಎರಡು ಬಾಗಿಲಿನ, ಮಾಡು ಇರುವ ಕಾರು. ಅದಕ್ಕೆ ಬಂದ ಕಾಗದಗಳಿಗೇ ಈ ಸಲದ ಉತ್ತರ.

ಪ್ರಶ್ನೆ: ತಾತನ ಕಾಲದ ಶೇಂಗಾ ಎಣ್ಣೆ ಮಿಲ್ಲಿನ ಗೋದಾಮಿನಲ್ಲಿ ಹಳೇ ಫೋರ್ಡ್ ಕೂಪೆ ಬಿದ್ದಿದೆ. ಗಾಲಿ 19 ಇಂಚು. ಎಂಜಿನ್ ಇಲ್ಲ, ಮಡ್‌ಗಾರ್ಡ್ ಒಂದೂ ಇಲ್ಲ, ಮಾಡಿನ ನಡುವೆ ದೊಡ್ಡ ತೂತು. ಹಾಟ್ ರಾಡ್ ಮಾಡುವ ಆಸೆ. ಎಲ್ಲಿಂದ ಕತ್ತರಿಸಲು ಶುರು ಮಾಡಲಿ? (ಓದುಗರು, ಚಳ್ಳಕೆರೆ)

ಸದ್ಯಕ್ಕೆ ಎಲ್ಲೂ ಕತ್ತರಿಸಬೇಡಿ. ಗ್ರೈಂಡರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಟಾರ್ಚ್ ಹಿಡಿದು ಗೋದಾಮಿಗೆ ಹೋಗಿ.

ಗಾಲಿ 19 ಇಂಚಿದ್ದರೆ, ಅದು ಆ ಗಾಡಿಯದೇ ಆಗಿದ್ದರೆ, ನಿಮ್ಮದು 1930 ಅಥವಾ 1931ರ ಮಾಡೆಲ್ ಎ. 1928, 29ರವಕ್ಕೆ 21 ಇಂಚಿನ ಗಾಲಿ ಇತ್ತು. ಮಾಡಿನ ತೂತಿಗೆ ಹೆದರಬೇಡಿ, ಅದು ತುಕ್ಕು ತಿಂದದ್ದಲ್ಲ. ಆ ಕಾಲದ ಕೂಪೆಗೆ ಮಾಡಿನ ನಡುಭಾಗ ತಗಡೇ ಇರಲಿಲ್ಲ. ಮರದ ಪಟ್ಟಿಗಳ ಮೇಲೆ ಬಟ್ಟೆ ಎಳೆದು ಕೂರಿಸುತ್ತಿದ್ದರು. ಗೆದ್ದಲು ಮರವನ್ನು ತಿಂದಿದೆ, ಬಿಸಿಲು ಬಟ್ಟೆಯನ್ನು ತಿಂದಿದೆ. ಅಲ್ಲಿಗೆ ಈಗಲೇ ತಗಡು ಹೊಡೆದು ಮುಚ್ಚಬೇಡಿ.

ಎಂಜಿನ್ನಿನ ಎಡಮಗ್ಗುಲಲ್ಲಿ ಇರಬೇಕಾದ ನಂಬರೇ ಚಾಸಿಸ್ಸಿನ ಎಡ ರೈಲಿನ ಮೇಲೂ ಕೊರೆದಿರುತ್ತದೆ, ಬಾಡಿ ಎತ್ತಿದರೆ ಕಾಣುತ್ತದೆ. ಎತ್ತುವ ಮುನ್ನ ಮಾತ್ರ ಕೆಳಗೆ ಹೇಳಿರುವ ಅಡ್ಡ ಪೈಪ್ ಕಟ್ಟಿಕೊಳ್ಳಿ. ಅದನ್ನು ಬರೆದಿಟ್ಟುಕೊಂಡು ಮಿಲ್ಲಿನ ಅಟ್ಟ, ತೋಟದ ಪಂಪ್‌ಸೆಟ್ ಮನೆ, ದಾಯಾದಿಗಳ ಕೊಟ್ಟಿಗೆ ಎಲ್ಲ ಹುಡುಕಿ. ಗಾಡಿಯಿಂದ ಕಳಚಿದ ಎಂಜಿನ್ನಿಗೆ ಬೆಲ್ಟ್ ಹಾಕಿ ನೀರೆತ್ತಿದವರು ನಮ್ಮಲ್ಲಿ ಬೇಕಾದಷ್ಟು ಜನ. ಎಂಜಿನ್, ಮಡ್‌ಗಾರ್ಡ್, ರೇಡಿಯೇಟರ್ ಸಿಕ್ಕಿಬಿಟ್ಟರೆ ಹಾಟ್ ರಾಡ್ ಯೋಚನೆ ಬಿಡಿ. ಪೂರ್ತಿ ಇರುವ ಗಾಡಿಯನ್ನು ಇದ್ದ ಹಾಗೇ ಎಬ್ಬಿಸಿ ನಿಲ್ಲಿಸಬೇಕು. ನಾನು ಬಾಡಿಯನ್ನು ಗುಜರಿಯಲ್ಲಿ ಕಿಲೋ ಲೆಕ್ಕದಲ್ಲಿ ತಂದವನು. ಅದಕ್ಕೆ ಚಾಸಿಸ್ಸೂ ಇರಲಿಲ್ಲ. ಆದರೂ ಅದರ ಅಂಗಾಂಗ ಎಲ್ಲಾದರೂ ಉಳಿದಿದೆಯಾ ಅಂತ ಎಂಟು ತಿಂಗಳು ವಿಚಾರಿಸಿದ ಮೇಲೇ ಕತ್ತರಿ ಇಟ್ಟೆ.

ಏನೂ ಸಿಗಲಿಲ್ಲ ಅಂತಿಟ್ಟುಕೊಳ್ಳಿ. ಬಾಡಿ ಇನ್ನೂ ಎತ್ತಿರದಿದ್ದರೆ, ಎತ್ತುವ ಮೊದಲು ಎರಡೂ ಬಾಗಿಲ ಸಂದಿಗೆ ಅಡ್ಡ ಪೈಪ್ ಕಟ್ಟಿ ಟ್ಯಾಕ್ (ಚುಕ್ಕೆಯಷ್ಟು ಬೆಸುಗೆ) ಹಾಕಿ. ಇಲ್ಲದಿದ್ದರೆ ಎತ್ತಿದ ಕೂಡಲೇ ಬಾಡಿ ಬಾಯಿ ಬಿಡುತ್ತದೆ, ಆಮೇಲೆ ಬಾಗಿಲು ಯಾವತ್ತೂ ಕೂರುವುದಿಲ್ಲ. ಚಾಸಿಸ್ಸನ್ನು ನಾಲ್ಕು ಸ್ಟ್ಯಾಂಡಿನ ಮೇಲೆ ಮಟ್ಟ ನೋಡಿ ಕೂರಿಸಿ. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ 103.5 ಇಂಚು ಇರಬೇಕು. ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ಎರಡೂ ಕಡೆ ದಾರ ಹಿಡಿದು ನೋಡಿ. ದಾರದ ಉದ್ದ ಎರಡೂ ಕಡೆ ಒಂದೇ ಬರುವ ತನಕ ಮುಂದಿನ ಕೆಲಸ ಬೇಡ.

ಆಮೇಲೆ ಬ್ರೇಕ್. ಎಲ್ಲರೂ ಎಂಜಿನ್ ಕೇಳುತ್ತಾರೆ, ಬ್ರೇಕ್ ಯಾರೂ ಕೇಳುವುದಿಲ್ಲ, ನನಗೆ ಸಂಕಟ ಆಗುವುದು ಅಲ್ಲೇ. ನಿಮ್ಮ ಗಾಡಿಯ ಬ್ರೇಕ್ ಕಬ್ಬಿಣದ ಸಲಾಕೆಗಳಿಂದ ಎಳೆಯುವಂಥದ್ದು. ಫೋರ್ಡ್ ಗಾಡಿಗೆ ಹೈಡ್ರಾಲಿಕ್ ಬ್ರೇಕ್ ಬಂದದ್ದೇ 1939ರ ಮಾಡೆಲ್‌ನಲ್ಲಿ. ಅಮೆರಿಕದ ಹುಡುಗರು ಆ 1939ರ ಡ್ರಮ್ಮುಗಳನ್ನು ಗುಜರಿಯಿಂದ ತಂದು ಹಳೇ ಗಾಡಿಗೆ ಹಾಕುತ್ತಿದ್ದರು. ನಾನು ಅಂಬಾಸಿಡರ್ ಡ್ರಮ್ ಹಾಕಿದೆ. ಬ್ಯಾಕ್‌ಪ್ಲೇಟ್ ನಡುವಿಗೆ ಕೂರಲು ಬೇಕಾದ ರಿಂಗನ್ನು ಹರಿಹರದಲ್ಲೇ ತಯಾರಾದ ನನ್ನ ಮೈಸೂರು ಕಿರ್ಲೋಸ್ಕರ್ ಲೇತಿನಲ್ಲಿ ತಿರುವಿಕೊಂಡೆ. ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ಲೈನ್ ಹೋಗುವ ಟ್ಯಾಂಡಮ್ ಮಾಸ್ಟರ್ ಸಿಲಿಂಡರ್ ಹಾಕಿ. ಒಂದು ಒಡೆದರೆ ಇನ್ನೊಂದು ಹಿಡಿಯುತ್ತದೆ. ಸಿಲಿಂಡರ್ ಕಾಲಡಿಯ ಹಲಗೆ ಕೆಳಗೆ ಬಂದರೆ ಡ್ರಮ್ ಲೈನಿಗೆ 10 ಪಿಎಸ್‌ಐ ಒತ್ತಡ ಉಳಿಸುವ ವಾಲ್ವ್ ಬೇಕಾಗುತ್ತದೆ, ಇಲ್ಲವಾದರೆ ಪೆಡಲ್ ಮೊದಲ ಒತ್ತಿಗೆ ಕೆಳಕ್ಕೆ ಹೋಗುತ್ತದೆ. ಲೈನಿಗೆ ಸ್ಟೀಲ್ ಟ್ಯೂಬ್, ತುದಿಗೆ ಡಬಲ್ ಫ್ಲೇರ್, ಅಂದರೆ ಟ್ಯೂಬಿನ ಬಾಯಿಯನ್ನು ಎರಡು ಪದರವಾಗಿ ಮಡಚಿ ಅಗಲಿಸುವುದು. ತಾಮ್ರದ ಟ್ಯೂಬ್ ಬೇಡ, ಅಂಗಡಿಯವನು ಎಷ್ಟೇ ಹೇಳಲಿ.

ಪ್ರಶ್ನೆ: ಅಸಲಿ ಹಾಟ್ ರಾಡ್ ಅಂದರೆ ಫೋರ್ಡ್ ಫ್ಲಾಟ್‌ಹೆಡ್ ವಿ8 ಇರಲೇಬೇಕು ಅಂತಾರೆ. ಅಮೆರಿಕದಿಂದ ತರಿಸಬೇಕಾ ಅಂಕಲ್? ಅಂಬಾಸಿಡರ್ ಎಂಜಿನ್ ಹಾಕಿದರೆ ನಕಲಿ ಆಗಿಬಿಡುತ್ತಾ? (ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ)

ತಮ್ಮಾ, ನಿನ್ನ ಪ್ರಶ್ನೆ ನನ್ನನ್ನು ಎರಡು ರಾತ್ರಿ ಕಾಡಿತು. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಓದು.

ಫೋರ್ಡ್ ಕಂಪನಿ 1932ರಲ್ಲಿ ಆ ವಿ8 ತಂದಿತು, ಎಂಟು ಸಿಲಿಂಡರು ವಿ ಆಕಾರದಲ್ಲಿ ಇರುವ ಎಂಜಿನ್. ವಾಲ್ವುಗಳು ಬ್ಲಾಕಿನಲ್ಲೇ ಇದ್ದು ಹೆಡ್ಡು ಬರೀ ಚಪ್ಪಟೆ ಮುಚ್ಚಳ, ಅದಕ್ಕೇ ಫ್ಲಾಟ್‌ಹೆಡ್ ಅನ್ನುವುದು. 3.6 ಲೀಟರ್, 65 ಅಶ್ವಶಕ್ತಿ. ಬ್ಲಾಕ್ ಇಡೀ ಒಂದೇ ಎರಕ, ಸಾಮಾನ್ಯ ಜನ ಕೊಳ್ಳುವ ಬೆಲೆಯ ಗಾಡಿಗೆ. ಅದರ ಹಿಂದಿನ ಮಾಡೆಲ್ ಎ ಎಂಜಿನ್ ನಾಲ್ಕು ಸಿಲಿಂಡರಿನದು, 40 ಅಶ್ವಶಕ್ತಿ. ಕೆಲವು ವರ್ಷ ಕಳೆದು ಆ ವಿ8 ಗಾಡಿಗಳು ಗುದ್ದಿಕೊಂಡು ಅಲ್ಲಿನ ಗುಜರಿಗೆ ಬಂದವು. ಕ್ಯಾಲಿಫೋರ್ನಿಯಾದ ಹುಡುಗರು ಗುಜರಿಯ ಎಂಜಿನ್ ತಂದು, ಅಗ್ಗಕ್ಕೆ ಸಿಗುತ್ತಿದ್ದ ಹಗುರ ಮಾಡೆಲ್ ಎಗೆ ಇಳಿಸಿದರು. ಅವರು ಫೋರ್ಡನ್ನು ಆರಿಸಿದ್ದು ಅದು ಕೈಗೆ ಸಿಕ್ಕಿತು ಅನ್ನುವ ಕಾರಣಕ್ಕೆ. ಊರ ಗುಜರಿಯಲ್ಲಿ ಸಿಕ್ಕದ್ದರಿಂದ ಸ್ವಂತ ಕೈಯಲ್ಲಿ ಓಡುವ ಗಾಡಿ ಕಟ್ಟುವುದು, ಅದೇ ಅವರ ಸಂಪ್ರದಾಯ. ಹಡಗಿನಲ್ಲಿ ತರಿಸಿದ ಎಂಜಿನ್ನನ್ನು ಕ್ಯಾಟಲಾಗಿನ ಸಾಮಾನಿನಿಂದ ಜೋಡಿಸಿದರೆ ಗಾಡಿ ಚೆಂದ ಕಾಣಬಹುದು, ಆದರೆ ಆ ಹುಡುಗರು ಮಾಡಿದ ಕೆಲಸ ಅದಲ್ಲ.

ನಮ್ಮೂರ ಗುಜರಿಯಲ್ಲಿ ಏನಿದೆ? ಜೀಪಿದೆ, ಅಂಬಾಸಿಡರ್ ಇದೆ. ಜೀಪಿನ 2.2 ಲೀಟರ್ ಎಂಜಿನ್ನಿಗೆ ಮೊದಲು ನಾನೂ ಆಸೆಪಟ್ಟೆ. ಹಳೇ ವಿಲ್ಲಿಸ್ ಎಂಜಿನ್ ಸೈಡ್ ವಾಲ್ವಿನದು, ಫ್ಲಾಟ್‌ಹೆಡ್ ಜಾತಿಯದೇ. ಆದರೆ ಅದರ ಗೇರ್‌ಬಾಕ್ಸಿನ ಬೆನ್ನಿಗೆ ಟ್ರಾನ್ಸ್‌ಫರ್ ಕೇಸ್ ಅಂಟಿಕೊಂಡಿದೆ, ಅದು ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಶಕ್ತಿ ಹಂಚುವ ಪೆಟ್ಟಿಗೆ. ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ನಡುವೆ ಬರದೆ ಪಕ್ಕಕ್ಕೆ ಬರುತ್ತದೆ. ಆಕ್ಸಲ್ಲನ್ನೂ ಜೀಪಿನದೇ ಹಾಕೋಣ ಅಂದರೆ ಗಾಲಿಗಳ ನಡುವಿನ ಅಗಲ 48 ಇಂಚಿನಷ್ಟು, ಮಾಡೆಲ್ ಎಗೆ 56. ಹಿಂದಿನಿಂದ ನೋಡಿದರೆ ದೊಡ್ಡವರ ಅಂಗಿ ತೊಟ್ಟ ಮಗುವಿನ ಹಾಗೆ ಕಾಣುತ್ತದೆ.

ಅಂಬಾಸಿಡರ್‌ನ ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್ನನ್ನು ಟ್ಯಾಕ್ಸಿ ಎಂಜಿನ್ ಅಂತ ಹಗುರವಾಗಿ ನೋಡಬೇಡ. 1955ರಲ್ಲಿ ಬಂದ ಎಂಜಿಎ ಅನ್ನುವ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಎಂಜಿನ್ನೂ ಅದೇ ಮನೆತನದ್ದು, ಅದೇ 1489 ಸಿಸಿ. ಅವರು ಎರಡು ಎಸ್‌ಯು ಕಾರ್ಬ್ಯುರೇಟರ್ ಹಾಕಿ, ಹೆಡ್ಡು ಮತ್ತು ಕಂಪ್ರೆಶನ್ ಸುಧಾರಿಸಿ ಮೊದಲು 68, ಆಮೇಲೆ 72 ಅಶ್ವಶಕ್ತಿ ತೆಗೆದರು. 1932ರ ವಿ8 ಕೊಟ್ಟದ್ದು 65. ಈ ಲೆಕ್ಕ ನನಗೆ ಗೊತ್ತಾದ ದಿನ ಊಟದ ತಟ್ಟೆ ಬಿಟ್ಟು ಶೆಡ್ಡಿಗೆ ಹೋಗಿ ಎಂಜಿನ್ ಮುಂದೆ ಕೂತಿದ್ದೆ. ನಾನು ಮಾಡಿದ್ದು ಎರಡು ಕಾರ್ಬ್ಯುರೇಟರಿಗೆ ಪೈಪಿನಲ್ಲಿ ಮ್ಯಾನಿಫೋಲ್ಡ್ ಕಟ್ಟಿದ್ದು, ಹೆಡ್ಡಿನ ಹೊಗೆ ದಾರಿಗಳನ್ನು ಉಜ್ಜಿ ನುಣುಪು ಮಾಡಿದ್ದು. ಎರಡೂ ಕಾರ್ಬ್ಯುರೇಟರು ಒಂದೇ ಸಮ ಉಸಿರೆಳೆಯುವಂತೆ ಹೊಂದಿಸಲು ಒಂದು ಗೇಣು ರಬ್ಬರ್ ಪೈಪನ್ನು ಕಿವಿಗಿಟ್ಟುಕೊಂಡು ಸದ್ದು ಕೇಳಿದರೆ ಸಾಕು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಮೂರನ್ನೂ ಒಂದೇ ಗಾಡಿಯಿಂದ ತೆಗೆದುಕೋ, ಅರ್ಧ ತಲೆನೋವು ಕಡಿಮೆ.

ಇನ್ನೊಂದು ಮಾತು. ಆ ವಿ8ರಲ್ಲಿ ಎಕ್ಸಾಸ್ಟ್ ಹೊಗೆ ಹೊರಗೆ ಬರಬೇಕಾದರೆ ಬ್ಲಾಕಿನ ಒಳಗೆ, ನೀರಿನ ನಡುವೆಯೇ ಹಾದು ಬರಬೇಕು. ಒಂದು ಬದಿಗೆ ನಾಲ್ಕು ಸಿಲಿಂಡರ್, ಹೊಗೆ ಬಾಯಿ ಮೂರೇ. ನಡುವಿನ ಎರಡಕ್ಕೂ ಒಂದೇ ದಾರಿ. ಹಾಗಾಗಿ ನೀರು ಬೇಗ ಕುದಿಯುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಪಿ.ಬಿ. ರಸ್ತೆಯ ಟ್ರಾಫಿಕ್ಕಿನ ನಡುವೆ ಅದನ್ನು ನೆನೆಸಿಕೋ.

ಪ್ರಶ್ನೆ: ಬಾಗಿಲ ಕೆಳಗೆ ತುಕ್ಕು ಹಿಡಿದದ್ದನ್ನು ಕತ್ತರಿಸಿ ಹೊಸ ತಗಡು ಬೆಸೆದೆ. ಬಾಗಿಲೆಲ್ಲ ಅಲೆ ಅಲೆ. ಪುಟ್ಟಿ ಬಳಿದು ಮುಚ್ಚಬಹುದಾ? (ಟಿಂಕರಿಂಗ್ ಕಲಿಯುತ್ತಿರುವವರು, ಹರಿಹರ)

ಒಂದೇ ಉಸಿರಿಗೆ ಉದ್ದ ಬೆಸುಗೆ ಎಳೆದಿದ್ದೀರಿ, ಅಷ್ಟೇ ಆದದ್ದು. ಬೆಸೆದ ಜಾಗ ಆರುವಾಗ ಕುಗ್ಗಿ ಸುತ್ತಲಿನ ತಗಡನ್ನು ಎಳೆಯುತ್ತದೆ. ಒಂದು ಮಿಲಿಮೀಟರ್ ಸಿಆರ್ ಶೀಟ್ ತೆಗೆದುಕೊಂಡು, ತುಂಡನ್ನು ಅಂಚಿಗೆ ಅಂಚು ತಾಗುವಂತೆ ಕತ್ತರಿಸಿ, ಒಂದು ಟ್ಯಾಕ್ ಇಲ್ಲಿ, ಇನ್ನೊಂದು ಆ ತುದಿಯಲ್ಲಿ, ಮತ್ತೊಂದು ನಡುವೆ ಹಾಕುತ್ತಾ ಹೋಗಿ. ಕೈಯಿಟ್ಟರೆ ಸುಡಬಾರದು, ಆಮೇಲೇ ಮುಂದಿನದು. ಕುಗ್ಗಿದ ಬೆಸುಗೆಯನ್ನು ಹಿಂದೆ ಡಾಲಿ (ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿದು ಸುತ್ತಿಗೆಯಲ್ಲಿ ತಟ್ಟಿದರೆ ಮತ್ತೆ ಹಿಗ್ಗುತ್ತದೆ, ಅಲೆ ಇಳಿಯುತ್ತದೆ. ನಿಮ್ಮ ಬಾಗಿಲು ಇನ್ನೂ ಕೆಟ್ಟಿಲ್ಲ, ತಟ್ಟಿ ನೋಡಿ.

ಪುಟ್ಟಿ ಬೇಡ. ಸೀಸ ತುಂಬುವುದು ಕಲಿಯಿರಿ. ಇದನ್ನು ನನಗೆ ಕಲಿಸಿದವರು ಕಾರಿನವರಲ್ಲ, ನಮ್ಮ ಓಣಿಗೆ ಬರುತ್ತಿದ್ದ ಕಲಾಯಿಯವರು. ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರ ಎರಚಿ, ತವರ ಮುಟ್ಟಿಸಿ, ಹತ್ತಿಯಲ್ಲಿ ಒಂದು ಸುತ್ತು ಒರೆಸಿದರೆ ಒಳಗೆಲ್ಲ ಬೆಳ್ಳಗಾಗುವುದನ್ನು ನೀವೂ ನೋಡಿರುತ್ತೀರಿ. ತಗಡಿಗೂ ಮೊದಲು ಅದೇ ಕಲಾಯಿ ಆಗಬೇಕು, ಇಲ್ಲದಿದ್ದರೆ ಸೀಸ ಹಿಡಿಯುವುದಿಲ್ಲ. ಆಮೇಲೆ 30 ಪಾಲು ತವರ, 70 ಪಾಲು ಸೀಸದ ಕಡ್ಡಿಯನ್ನು ಮೆತ್ತಗಿನ ಉರಿಯಲ್ಲಿ ಕಾಯಿಸಿದರೆ 183 ಡಿಗ್ರಿ ದಾಟಿದ ಮೇಲೆ ಒಂದಷ್ಟು ಹೊತ್ತು ಕರಗಿ ಹರಿಯದೆ ಬೆಣ್ಣೆಯ ಹದದಲ್ಲಿರುತ್ತದೆ. ಜೇನುಮೇಣ ಸವರಿದ ಮರದ ಹಲಗೆಯಲ್ಲಿ ಒತ್ತಿ ಹರಡಬೇಕಾದ್ದು ಆ ಹೊತ್ತಿನಲ್ಲೇ. ನಾನು ಹದ ಕಲಿಯುವಷ್ಟರಲ್ಲಿ ಎರಡು ಕಿಲೋ ಸೀಸ ನೆಲದ ಪಾಲಾಯಿತು. ಗಟ್ಟಿಯಾದ ಮೇಲೆ ಕೈ ಅರದಲ್ಲಿ ಮಾತ್ರ ಉಜ್ಜಿ. ಗ್ರೈಂಡರ್ ಮುಟ್ಟಿಸಿದರೆ ಸೀಸದ ಧೂಳು ಎದೆಗೆ ಇಳಿಯುತ್ತದೆ. ಕೈ ತೊಳೆಯದೆ ಮಕ್ಕಳನ್ನು ಎತ್ತಿಕೊಳ್ಳಬೇಡಿ.

ಪ್ರಶ್ನೆ: ಮಗ ರಾತ್ರಿಯೆಲ್ಲ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತಾನೆ. ಈಗ ಹಳೇ ಪೆಟ್ರೋಲ್ ಟ್ಯಾಂಕ್ ಬೆಸೆಯುತ್ತೇನೆ ಅಂತಿದ್ದಾನೆ. ಖಾಲಿ ಇದೆಯಂತೆ. ನನಗೆ ಭಯ. (ತಾಯಿ, ಹಿರಿಯೂರು)

ಅಕ್ಕಾರೆ, ನಿಮ್ಮ ಭಯ ಸರಿ. ಈ ಕಾಗದ ಓದಿದ ಕೂಡಲೇ ತಡೆಯಿರಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ, ಒಳಗೆ ಗಾಳಿಯೂ ಪೆಟ್ರೋಲ್ ಆವಿಯೂ ಬೆರೆತು ಕೂತಿರುತ್ತದೆ. ಹರೆಯದಲ್ಲಿ ನಾನು ಮೋಟಾರ್ ಬೈಕ್ ಟ್ಯಾಂಕೊಂದನ್ನು ಮೂರು ದಿನ ಬಿಸಿಲಿಗಿಟ್ಟು, ಒಣಗಿದೆ ಅಂತ ನಂಬಿ ಗ್ಯಾಸ್ ಉರಿ ಹಿಡಿದೆ. ಅದು ಸಿಡಿದು ಗೋಡೆಯ ಗಾರೆ ಕಿತ್ತು ಹೋಯಿತು, ನನ್ನ ಎಡಗೈ ಚರ್ಮ ಮೊಣಕೈವರೆಗೆ ಸುಟ್ಟಿತು. ಗುರುತು ಈಗಲೂ ಇದೆ, ಮಗನನ್ನು ಕಳಿಸಿ, ತೋರಿಸುತ್ತೇನೆ.

ಅವನ ಗಾಡಿ ಮಾಡೆಲ್ ಎ ಆಗಿದ್ದರೆ ಇನ್ನೊಂದು ವಿಷಯ ಹೇಳಿ: ಅದರ ಟ್ಯಾಂಕ್ ಇರುವುದು ಮುಂದಿನ ಗಾಜಿನ ಕೆಳಗೆ, ಓಡಿಸುವವನ ಮೊಣಕಾಲಿನ ಮುಂದೆ. ಅದನ್ನು ಬಳಸುವುದೇ ಬೇಡ. ಹಿಂದಿನ ಡಿಕ್ಕಿಯಲ್ಲಿ ಹೊಸ ಟ್ಯಾಂಕ್ ಕೂರಿಸಲಿ. ಶೆಡ್ಡಿನಲ್ಲಿ ಗೋಣಿಚೀಲ ಇರಬಾರದು, ಪುಡಿ ತುಂಬಿದ ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಹತ್ತಿರ ನೇತುಹಾಕಿರಬೇಕು. ವೆಲ್ಡಿಂಗ್ ನಿಲ್ಲಿಸಿದ ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಹೋಗಿ ನೋಡಿ ಬಂದೇ ಮಲಗಲಿ.

ಪ್ರಶ್ನೆ: ಕಟ್ಟಿದ ಗಾಡಿಗೆ ಕೆಎ-16 ನಂಬರ್ ಸಿಗುತ್ತದೆಯೇ? ವಿಂಟೇಜ್ ಅಂತ ಮಾಡಿಸಬಹುದಲ್ಲ? (ಓದುಗರು, ಚಿತ್ರದುರ್ಗ)

ವಿಂಟೇಜ್ ಆಗುವುದಿಲ್ಲ. 2021ರ ನಿಯಮದ ಪ್ರಕಾರ ವಿಎ ಅಕ್ಷರದ ನಂಬರ್ ಸಿಗುವುದು 50 ವರ್ಷ ದಾಟಿದ, ಚಾಸಿಸ್ಸು, ಬಾಡಿ, ಎಂಜಿನ್ ಬದಲಾಯಿಸದೆ ಮೂಲ ರೂಪದಲ್ಲೇ ಉಳಿಸಿಕೊಂಡ ಗಾಡಿಗೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸಬಾರದು ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ನನ್ನ ಕೂಪೆ ರಸ್ತೆಗೆ ಇಳಿಯುವುದಿಲ್ಲ. ಭಾವಮೈದುನನ ಅಡಿಕೆ ತೋಟದ ಪಕ್ಕ ನಾನೂರು ಮೀಟರ್ ಮಣ್ಣಿನ ದಾರಿ ಇದೆ, ಟೆಂಪೋದಲ್ಲಿ ಹೇರಿಕೊಂಡು ಹೋಗಿ ಅಲ್ಲೇ ಓಡಿಸುತ್ತೇನೆ. ಕ್ಯಾಲಿಫೋರ್ನಿಯಾದವರು ಓಡಿಸುತ್ತಿದ್ದುದೂ ಮುರೊಕ್‌ನಂಥ ಬತ್ತಿದ ಕೆರೆಯಂಗಳದಲ್ಲೇ. ಅಲ್ಲಿನ ಕ್ಲಬ್ಬುಗಳು 1937ರಲ್ಲಿ ಸೇರಿ ಸಂಘ ಕಟ್ಟಿ ವೇಗ ಅಳೆಯುವುದಕ್ಕೆ ಶಿಸ್ತು ತಂದವು. ಚಿತ್ರದುರ್ಗದ ಬತ್ತಿದ ಕೆರೆ ನೋಡಿದಾಗೆಲ್ಲ ನನಗೂ ಆಸೆ ಆಗುತ್ತದೆ, ಆದರೆ ಅದು ಊರಿನ ಆಸ್ತಿ, ಕೇಳದೆ ಗಾಲಿ ಇಡಬೇಡಿ.

ಪ್ರಶ್ನೆ: ಮಾಡನ್ನು ಎಷ್ಟು ಇಂಚು ಇಳಿಸಿದರೆ ಚೆಂದ? (ಚಳ್ಳಕೆರೆಯವರದೇ ಎರಡನೇ ಪ್ರಶ್ನೆ)

ಮಾಡೆಲ್ ಎ ಮುಂದಿನ ಕಂಬಗಳು ಹೆಚ್ಚುಕಡಿಮೆ ನೆಟ್ಟಗಿರುವುದರಿಂದ ಕತ್ತರಿಸಿ ಕೂರಿಸುವುದು ಸುಲಭ. ಆ ಸುಲಭವೇ ಮೋಸ ಮಾಡುತ್ತದೆ. ಗಾಡಿಯಲ್ಲಿ ನೀವು ಕೂರಬೇಕಾದ ಎತ್ತರಕ್ಕೆ ಒಂದು ಸ್ಟೂಲ್ ಹಾಕಿ ಕೂತು, ಗಾಜಿನ ಸಂದಿಗೆ ಮೇಲಿನಿಂದ ರಟ್ಟು ಅಂಟಿಸಿ ಒಂದು ವಾರ ಬಿಡಿ. ದಿನಾ ಬೆಳಿಗ್ಗೆ ಕೂತು ಹೊರಗೆ ನೋಡಿ. ನಾನು ನಾಲ್ಕು ಇಂಚಿಗೆ ಗೀಟು ಹಾಕಿ, ಬ್ಲೇಡ್ ಕೂಡ ತಂದಿಟ್ಟಿದ್ದೆ. ಮೂರನೇ ಬೆಳಿಗ್ಗೆ ನನ್ನ ಹೆಂಡತಿ ಪಕ್ಕದ ಸೀಟಿನಲ್ಲಿ ಕೂತು, ಇಲ್ಲಿಂದ ಬರೀ ರಟ್ಟು ಕಾಣ್ತದೆ ಅಂದಳು. ಎರಡೇ ಇಂಚು ಇಳಿಸಿದೆ.