ಚೀಟಿ ಎತ್ತುವ ಡಾಕ್ಟರು

ಹಾವೇರಿ ಕಡೆಯ ನಿವೃತ್ತ ಶಿಕ್ಷಕರೊಬ್ಬರ ಪತ್ರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ.

"ನನ್ನ ಮೊಮ್ಮಗಳು ಏಳು ತಿಂಗಳಿಗೇ ಹುಟ್ಟಿದಳು. ತೂಕ ಒಂದೂಕಾಲು ಕೆ.ಜಿ. ಎನ್‌ಐಸಿಯು (ಎಳೆಗೂಸುಗಳ ತೀವ್ರ ನಿಗಾ ಘಟಕ) ಬಾಗಿಲಲ್ಲಿ ಕೈಕಾಲು ಆಡದೆ ನಿಂತಿದ್ದಾಗ ಎಳೆ ವಯಸ್ಸಿನ ಡಾಕ್ಟರೊಬ್ಬರು ಕಾಗದ ಹಿಡಿದು ಬಂದರು. ಎರಡು ಬಗೆಯ ಚಿಕಿತ್ಸೆ ಇದೆ, ಯಾವುದು ಮೇಲು ಅಂತ ಅಧ್ಯಯನ ನಡೆದಿದೆ, ನಿಮ್ಮ ಮಗುವಿಗೆ ಯಾವುದು ಅನ್ನೋದನ್ನು ಕಂಪ್ಯೂಟರ್ ಚೀಟಿ ಎತ್ತಿ ಹೇಳುತ್ತೆ, ಒಪ್ಪಿಗೆ ಇದ್ದರೆ ಸಹಿ ಹಾಕಿ ಅಂದರು. ನಮ್ಮ ಕೂಸೇನು ಇಲಿಯಾ ಅಂತ ಕೇಳಿ ಕಾಗದ ವಾಪಸ್ ಕೊಟ್ಟೆ. ಯಾವುದು ಒಳ್ಳೆಯದು ಅಂತ ಗೊತ್ತಿಲ್ಲದವರು ಡಾಕ್ಟರ್ ಎಂದು ಬೋರ್ಡ್ ಯಾಕೆ ಹಾಕಿಕೊಳ್ಳಬೇಕು? ಮಗು ಈಗ ಆರಾಮಾಗಿದೆ. ಕ್ಯಾಮೆರಾ ತಂದ ಹುಡುಗಿಯೊಬ್ಬಳು ಕಣ್ಣಿನ ಪರೀಕ್ಷೆಯನ್ನೂ ಮಾಡಿ ಹೋದಳು. ಅಂಥವರನ್ನು ಹೊಗಳಿ ಬರೆಯಿರಿ. ಚೀಟಿ ಎತ್ತುವವರಿಗೆ ಛೀಮಾರಿ ಹಾಕಿ."

ಮೇಷ್ಟ್ರೇ, ಮೊಮ್ಮಗಳು ನೂರು ವರ್ಷ ಬಾಳಲಿ. ಇಷ್ಟು ಹೇಳಿ ಜಗಳಕ್ಕೆ ಇಳಿಯುತ್ತೇನೆ. ನೀವು ಹೊಗಳಿದ ಆ ಕ್ಯಾಮೆರಾ ಹುಡುಗಿ ಇದ್ದಾಳಲ್ಲ, ಅವಳು ನಿಮ್ಮ ಮಗುವಿನ ತೊಟ್ಟಿಲ ತನಕ ಬಂದದ್ದೇ ನೀವು ಬೈದ ಚೀಟಿಯವರ ದಾರಿ ಹಿಡಿದು.

1942ರಲ್ಲಿ ಬಾಸ್ಟನ್ನಿನ ಕಣ್ಣಿನ ಡಾಕ್ಟರು ಥಿಯೊಡೋರ್ ಟೆರ್ರಿ ಹೊಸದೊಂದು ಕುರುಡಿನ ಬಗ್ಗೆ ಬರೆದರು. ದಿನ ತುಂಬದೆ ಹುಟ್ಟಿದ ಕೂಸುಗಳು ಹೇಗೋ ಬದುಕುತ್ತಿದ್ದವು. ಆದರೆ ಕೆಲವು ತಿಂಗಳಲ್ಲಿ ಕಣ್ಣಿನ ಮಸೂರದ ಹಿಂದೆ ಬಿಳಿ ಪೊರೆ ಕಟ್ಟುತ್ತಿತ್ತು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಸುಮಾರು 10,000 ಮಕ್ಕಳು ಹೀಗೆ ಕಣ್ಣು ಕಳೆದುಕೊಂಡರು. ಸೋಜಿಗ ನೋಡಿ, ಈ ಕಾಯಿಲೆ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೇ ಜಾಸ್ತಿ.

ನ್ಯೂಯಾರ್ಕಿನಲ್ಲಿ ವಿಲಿಯಂ ಸಿಲ್ವರ್‌ಮನ್ ಎಂಬ ಮಕ್ಕಳ ಡಾಕ್ಟರಿದ್ದರು. ಅವರೂ ಅವರ ಸಂಗಡಿಗರೂ ಎಸಿಟಿಎಚ್ ಎಂಬ ಹಾರ್ಮೋನು ಕೊಟ್ಟು ನೋಡಿದರು. 31 ಮಕ್ಕಳಲ್ಲಿ 25 ಮಕ್ಕಳು ಚೆನ್ನಾದ ಕಣ್ಣಿನೊಂದಿಗೆ ಮನೆಗೆ ಹೋದವು. ಹಾರ್ಮೋನು ಕೊಡದ ಇನ್ನೊಂದು ಆಸ್ಪತ್ರೆಯ ಲೆಕ್ಕ ತರಿಸಿದರು. ಅಲ್ಲಿ ಹೆಚ್ಚಿನವಕ್ಕೆ ಕಣ್ಣು ಹೋಗಿತ್ತು. ನಾವು ನೀವು ಆಗಿದ್ದರೆ ಇಷ್ಟಕ್ಕೇ ಹಾರ ತುರಾಯಿ ತರಿಸುತ್ತಿದ್ದೆವು, ಅಲ್ವಾ? ಆ ಮನುಷ್ಯನಿಗೆ ಮಾತ್ರ ಅನುಮಾನ ಹೋಗಲಿಲ್ಲ. ಒಂದು ಡಬ್ಬಿಯಲ್ಲಿ ಬಿಳಿ ಗೋಲಿ, ನೀಲಿ ಗೋಲಿ ಹಾಕಿಟ್ಟರು. ಕೈಗೆ ಬಂದ ಗೋಲಿಯ ಬಣ್ಣ ನೋಡಿ ಮಗುವಿಗೆ ಹಾರ್ಮೋನು ಕೊಡಬೇಕೋ ಬೇಡವೋ ಎಂದು ತೀರ್ಮಾನ. ಕೊನೆಗೆ ಲೆಕ್ಕ ಹಾಕಿದಾಗ ಹಾರ್ಮೋನು ಪಡೆದವರಲ್ಲಿ ಮೂರರಲ್ಲೊಂದು ಮಗು ಕುರುಡಾಗಿತ್ತು. ಪಡೆಯದವರಲ್ಲಿ ಐದರಲ್ಲೊಂದು. ಹಾರ್ಮೋನು ಪಡೆದ ಗುಂಪಿನಲ್ಲಿ ಸೋಂಕು ತಗುಲಿ ಸತ್ತ ಮಕ್ಕಳೂ ಜಾಸ್ತಿ.

ಹಾಗಾದರೆ ಮೊದಲಿನ 25 ಮಕ್ಕಳು ಹೇಗೆ ಗೆದ್ದವು? ಆ ಕಾಯಿಲೆ ಆರಂಭದಲ್ಲಿ ಕಾಣಿಸಿಕೊಂಡರೂ ಬಹುಪಾಲು ಮಕ್ಕಳಲ್ಲಿ ತಾನೇ ವಾಸಿಯಾಗುತ್ತದೆ. ಔಷಧಿಗೆ ಪುಕ್ಕಟೆ ಕೀರ್ತಿ ಬಂದಿತ್ತು, ಅಷ್ಟೆ.

ನಮ್ಮ ದೊಡ್ಡಮ್ಮ ಕೂಸಿಗೆ ಎರೆಯುವುದರಲ್ಲಿ ಊರಿಗೇ ಹೆಸರಾಗಿದ್ದಳು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಕೂಸನ್ನು ಬೋರಲು ಮಲಗಿಸಿ, ನಮ್ಮ ಕೈ ಸುಡುವಂಥ ನೀರನ್ನು ಚೊಂಬು ಚೊಂಬಾಗಿ ಹುಯ್ಯುತ್ತಿದ್ದಳು. ಬದುಕಿದ ಕೂಸೆಲ್ಲ ಅವಳ ಕೈಗುಣದ ಖಾತೆಗೆ. ಹೋದ ಕೂಸು ಹಣೆಬರಹದ ಖಾತೆಗೆ. ತಾಯಿಯ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿಸಿ ಕೂಸಿನ ನಾಲಿಗೆಗೆ ಜೇನು ಸವರಿಸುತ್ತಿದ್ದವಳೂ ಅವಳೇ. ಅವಳಷ್ಟು ಪ್ರೀತಿಯ ಹೆಂಗಸನ್ನು ನಾನು ಕಂಡಿಲ್ಲ. ಪ್ರೀತಿಗೆ ಕೊರತೆ ಇರಲಿಲ್ಲ ಮೇಷ್ಟ್ರೇ, ಲೆಕ್ಕಕ್ಕೆ ಇತ್ತು. ಎಂಬಿಬಿಎಸ್ ಓದಿದವರೂ ಗೋಲಿ ಡಬ್ಬಿ ಇಡದಿದ್ದರೆ ಇದೇ ಎರಡು ಖಾತೆ ತೆರೆಯುತ್ತಾರೆ.

ಮತ್ತೆ ಕಣ್ಣಿಗೆ ಬರೋಣ. ಕಳ್ಳ ಯಾರಪ್ಪ ಅಂದರೆ ಆಕ್ಸಿಜನ್! 1951ರಲ್ಲಿ ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ ಈ ಅನುಮಾನ ಎತ್ತಿದರು. ದಿನ ತುಂಬದ ಕೂಸಿನ ಕಣ್ಣಿನ ಹಿಂಪರದೆಯಲ್ಲಿ ರಕ್ತನಾಳಗಳು ಇನ್ನೂ ಅಂಚಿನ ತನಕ ಬೆಳೆದಿರುವುದಿಲ್ಲ. ಅತಿಯಾದ ಆಕ್ಸಿಜನ್ ಸಿಕ್ಕಿದರೆ ಆ ಬೆಳವಣಿಗೆ ನಿಂತುಬಿಡುತ್ತದೆ. ಆಮೇಲೆ ಹಸಿದ ಪರದೆಯ ಮೇಲೆ ನಾಳಗಳು ಅಡ್ಡಾದಿಡ್ಡಿ ಹಬ್ಬಿ, ಪರದೆಯನ್ನೇ ಕಿತ್ತು ಎಳೆಯುತ್ತವೆ. ದೊಡ್ಡ ಆಸ್ಪತ್ರೆಗಳ ಹೊಸ ಇನ್‌ಕ್ಯುಬೇಟರುಗಳಲ್ಲಿ ಆಕ್ಸಿಜನ್ ಧಾರಾಳ. ಹಾಗಾಗಿ ಅಲ್ಲೇ ಕುರುಡು ಜಾಸ್ತಿ.

ಇದನ್ನು ಪರೀಕ್ಷಿಸಲು ವಾಷಿಂಗ್ಟನ್‌ನಲ್ಲಿ ಆರ್ನಲ್ ಪ್ಯಾಟ್ಜ್ ಎಂಬ ಯುವ ಡಾಕ್ಟರು ಕೆಲವು ಕೂಸುಗಳಿಗೆ ಧಾರಾಳವಾಗಿ, ಕೆಲವಕ್ಕೆ ಬೇಕಾದಷ್ಟೇ ಆಕ್ಸಿಜನ್ ಕೊಡಿಸಿದರು. ಅಲ್ಲಿನ ಹಿರಿಯ ನರ್ಸುಗಳಿಗೆ ಸಂಕಟ, ಈ ಡಾಕ್ಟರು ಮಕ್ಕಳನ್ನು ಕೊಲ್ಲುತ್ತಿದ್ದಾನೆ ಅಂತ. ರಾತ್ರಿ ಪಾಳಿಯಲ್ಲಿ ಮೆಲ್ಲಗೆ ಹೋಗಿ, ಕಡಿಮೆ ಇಟ್ಟ ಕೂಸುಗಳ ಆಕ್ಸಿಜನ್ ತಿರುಗಿಸಿ ಹೆಚ್ಚು ಮಾಡುತ್ತಿದ್ದರಂತೆ. ಬೆಳಗ್ಗೆ ಡ್ಯೂಟಿ ಮುಗಿಯುವಾಗ ಮತ್ತೆ ಮೊದಲಿನಂತೆ. ನಿಮ್ಮ ಪತ್ರ ಓದಿದಾಗ ನನಗೆ ನೆನಪಾದದ್ದು ಆ ನರ್ಸಮ್ಮಂದಿರು. ನಿಮ್ಮಷ್ಟೇ ಕರುಳುಳ್ಳವರು.

1953ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಸೇರಿ ದೊಡ್ಡ ಪರೀಕ್ಷೆ ನಡೆಸಿದವು. 1954ರಲ್ಲಿ ಉತ್ತರ ಬಂತು, ಆಕ್ಸಿಜನ್ನೇ ಕಾರಣ. ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆ ಪರೀಕ್ಷೆಯಲ್ಲಿ ಹುಟ್ಟಿದ ಮೊದಲ ಎರಡು ದಿನ ಎಲ್ಲ ಮಕ್ಕಳಿಗೂ ಆಕ್ಸಿಜನ್ ಕೊಟ್ಟಿದ್ದರು. ಆ ಎರಡು ದಿನವೂ ಬಿಗಿ ಹಿಡಿದರೆ ಏನಾಗುತ್ತೆ ಅನ್ನೋದನ್ನು ಪರೀಕ್ಷೆ ನೋಡಿಯೇ ಇರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ. ಕಡಿಮೆ ಕೊಡಬೇಕು ಅನ್ನೋದೇ ಹೊಸ ಧರ್ಮವಾಯಿತು. ಉಸಿರಿಗೆ ಒದ್ದಾಡುತ್ತಿದ್ದ ಕೂಸುಗಳಿಗೂ ಆಕ್ಸಿಜನ್ ಬಿಗಿ ಹಿಡಿದರು. ಒಂದು ಮಗುವಿನ ಕಣ್ಣು ಉಳಿಸಲು ಹದಿನಾರು ಮಕ್ಕಳು ಪ್ರಾಣ ತೆತ್ತಿರಬೇಕು ಎಂದು 1973ರಲ್ಲಿ ಒಬ್ಬರು ಅಂದಾಜು ಮಾಡಿದರು. ಅಂದಾಜೇ ಇರಲಿ, ಓದಿದ ದಿನ ನನಗೆ ಊಟ ಸೇರಲಿಲ್ಲ.

ಸರಿಯಾದ ಮಟ್ಟ ಯಾವುದು ಎಂದು ಕೇಳಿ ಮತ್ತೆ ಚೀಟಿ ಎತ್ತಲು 2005ರ ತನಕ ಕಾಯಬೇಕಾಯಿತು. ರಕ್ತದಲ್ಲಿ ಆಕ್ಸಿಜನ್ ಶೇ 85ರಿಂದ 89 ಇರಲಿ ಅಂತ ಒಂದು ಗುಂಪು, 91ರಿಂದ 95 ಇರಲಿ ಅಂತ ಇನ್ನೊಂದು. ಕಡಿಮೆ ಇದ್ದ ಗುಂಪಿನಲ್ಲಿ ಕಣ್ಣಿನ ತೊಂದರೆ ಕಡಿಮೆ, ಸಾವು ಜಾಸ್ತಿ. ಇದು ಗೊತ್ತಾದದ್ದು 2010ರಲ್ಲಿ.

ಇಲ್ಲಿ ನಿಮಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. 2005ರಲ್ಲಿ ಶುರುವಾದ ಈ ಅಮೆರಿಕದ ಪರೀಕ್ಷೆಯಲ್ಲೇ ತಂದೆತಾಯಿಗೆ ಅಪಾಯವನ್ನು ಸರಿಯಾಗಿ ಬಿಡಿಸಿ ಹೇಳಿರಲಿಲ್ಲ ಎಂದು ಅಲ್ಲಿನ ಸರ್ಕಾರದ ಕಚೇರಿಯೇ 2013ರಲ್ಲಿ ಆಕ್ಷೇಪ ಎತ್ತಿತು. ನಿಮ್ಮನ್ನು ಎನ್‌ಐಸಿಯು ಬಾಗಿಲಲ್ಲಿ ನಿಲ್ಲಿಸಿ ಸಹಿ ಕೇಳಿದ್ದೂ ಸರಿಯಲ್ಲ. ಕೂರಿಸಿ, ನೀರು ಕೊಟ್ಟು, ಕನ್ನಡದಲ್ಲಿ ಹೇಳಬೇಕಿತ್ತು. ಒಪ್ಪಿದೆ.

ಆದರೆ ಚೀಟಿ ಎತ್ತೋದೇ ಪಾಪ ಅಂದರೆ ಒಪ್ಪಲಾರೆ. ಬೆಳಗಾವಿಯನ್ನೇ ತೆಗೆದುಕೊಳ್ಳಿ. ಕಥೆ ಶುರುವಾಗುವುದು ಮಾತ್ರ ದೂರದ ನ್ಯೂಜಿಲೆಂಡಿನಲ್ಲಿ. ಅಲ್ಲಿನ ಡಾಕ್ಟರು ಗ್ರಹಾಂ ಲಿಗಿನ್ಸ್ ಕುರಿಗಳ ಮೇಲೆ ಅಧ್ಯಯನ ಮಾಡುವಾಗ, ಬದುಕಲೇಬಾರದಿದ್ದ ಎಳೆಮರಿಯೊಂದು ಸ್ಟೀರಾಯ್ಡ್ ದೆಸೆಯಿಂದ ಉಸಿರಾಡುತ್ತಿರುವುದನ್ನು ಕಂಡರು. ರಾಸ್ ಹೋವಿ ಜೊತೆ ಸೇರಿ 282 ತಾಯಂದಿರಲ್ಲಿ ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದರು. ಹೆರಿಗೆಗೆ ಮುಂಚೆ ತಾಯಿಗೆ ಸೂಜಿ ಕೊಟ್ಟರೆ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಆದರೂ ಈ ಅಗ್ಗದ ಔಷಧಿ ಎಲ್ಲೆಡೆ ಬಳಕೆಗೆ ಬರಲು ಇಪ್ಪತ್ತು ವರ್ಷ ಹಿಡಿಯಿತು.

ಹಳ್ಳಿಹಳ್ಳಿಗೂ ಇದನ್ನು ಮುಟ್ಟಿಸೋಣ ಎಂದು ಆರು ದೇಶಗಳಲ್ಲಿ ನಡೆದ ಅಧ್ಯಯನದಲ್ಲಿ ನಮ್ಮ ಬೆಳಗಾವಿಯೂ ಇತ್ತು. 2015ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿದರು. ಸೂಜಿಯನ್ನು ಪ್ರಚಾರ ಮಾಡಿದ ಕಡೆ ಒಟ್ಟಾರೆ ಶಿಶುಗಳ ಸಾವು ಹೆಚ್ಚಿತ್ತು! ಬಸುರಿಗೆ ಎಷ್ಟು ವಾರ ಎಂಬುದೇ ಖಚಿತವಿಲ್ಲದೆ ಸೂಜಿ ಹಾಕಿದ್ದರಿಂದ, ಪಡೆದವರಲ್ಲಿ ಹೆಚ್ಚಿನವರಿಗೆ ಅದು ಬೇಕೇ ಇರಲಿಲ್ಲ. ಹಾಗಂತ ಬೆಳಗಾವಿಯವರು ಕೈಚೆಲ್ಲಿ ಕೂರಲಿಲ್ಲ. ಸ್ಕ್ಯಾನ್ ಮಾಡಿ ವಾರ ಗೊತ್ತುಮಾಡಿಕೊಂಡು, ಒಳ್ಳೆಯ ಆರೈಕೆ ಇರುವ ಆಸ್ಪತ್ರೆಗಳಲ್ಲಿ ಮಾತ್ರ ಮತ್ತೊಮ್ಮೆ ಪರೀಕ್ಷೆ ನಡೆಯಿತು. ಐದು ದೇಶ, 2,852 ತಾಯಂದಿರು, ಅದರಲ್ಲೂ ಬೆಳಗಾವಿ ಇತ್ತು. 2020ರಲ್ಲಿ ಉತ್ತರ ಸಿಕ್ಕಿತು. ಸ್ಟೀರಾಯ್ಡ್ ಇಲ್ಲದ ಗುಂಪಿನಲ್ಲಿ ಶೇ 23.5 ಶಿಶುಗಳು ತೀರಿಕೊಂಡರೆ, ಪಡೆದ ಗುಂಪಿನಲ್ಲಿ ಶೇ 19.6. ಲಾಭ ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಿದರು. ಒಂದೇ ಔಷಧಿ, ಒಂದು ಕಡೆ ಪ್ರಾಣ ಉಳಿಸಿತು, ಇನ್ನೊಂದು ಕಡೆ ಕೇಡಾಯಿತು. ಇದನ್ನು ಯಾವ ಡಾಕ್ಟರು ಬೋರ್ಡು ನೋಡಿಕೊಂಡು ಹೇಳಬಲ್ಲರು?

ಬೆಳಗಾವಿ ಎಂದರೆ ಗಡಿ ಗಲಾಟೆ, ಕುಂದಾ, ಅಧಿವೇಶನ ಎಂದು ಪುಟ ತುಂಬಿಸುವ ನಮ್ಮ ಪತ್ರಕರ್ತರಿಗೆ ಇದು ಸುದ್ದಿಯೇ ಅಲ್ಲ ನೋಡಿ. "ಗೊತ್ತಿಲ್ಲ, ಪರೀಕ್ಷಿಸಿ ನೋಡೋಣ" ಅನ್ನುವವನಿಗೆ ನಮ್ಮಲ್ಲಿ ಮರ್ಯಾದೆ ಇಲ್ಲ. ಟಿವಿಯಲ್ಲಿ ಗಂಟಲು ಹರಿಯುವಂತೆ ಖಚಿತ ಹೇಳುವವನಿಗೆ ಇದೆ. ಸರ್ಕಾರಗಳೂ ಹಾಗೆಯೇ. ಯೋಜನೆ ಎಂದರೆ ಇಡೀ ರಾಜ್ಯಕ್ಕೆ ಒಂದೇ ದಿನ ದೀಪ ಬೆಳಗಬೇಕು. ಹತ್ತು ತಾಲ್ಲೂಕಿಗೆ ಚೀಟಿ ಎತ್ತಿ ಕೊಟ್ಟು, ಉಳಿದ ಹತ್ತರ ಜೊತೆ ಹೋಲಿಸಿ ನೋಡಿ ಅಂದರೆ ತಾರತಮ್ಯ ಅಂತ ಧರಣಿ ಕೂರುತ್ತಾರೆ. ನೀವು ಮೂವತ್ತು ವರ್ಷ ಪಾಠ ಮಾಡಿದವರು. ಪಠ್ಯಪುಸ್ತಕ ಬದಲಾದಾಗಲೆಲ್ಲ, ಹಳೆಯದಕ್ಕಿಂತ ಇದು ಮೇಲು ಅನ್ನೋದಕ್ಕೆ ಲೆಕ್ಕ ಎಲ್ಲಿ ಎಂದು ಯಾರಾದರೂ ಕೇಳಿದ್ದು ನೆನಪಿದೆಯಾ?

ನಿಮ್ಮ ಕ್ಯಾಮೆರಾ ಹುಡುಗಿ ಯಾವ ಯೋಜನೆಯವಳೋ ನೀವು ಬರೆದಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಕಿಡ್‌ರಾಪ್ ಎಂಬ ಕೆಲಸ ಶುರುಮಾಡಿದರು. ನಾನು ಮೇಲೆ ಹೇಳಿದ ಆ ಕಣ್ಣಿನ ಕಾಯಿಲೆಯನ್ನು ಮೊದಲೇ ಪತ್ತೆ ಹಚ್ಚಲು ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳ ಎನ್‌ಐಸಿಯುಗಳಿಗೆ ಕ್ಯಾಮೆರಾ ಒಯ್ದು ಕೂಸಿನ ಕಣ್ಣಿನ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ಎರಡು ಕೆ.ಜಿ.ಗಿಂತ ಕಡಿಮೆ ತೂಕದ ಅಥವಾ 34 ವಾರ ತುಂಬದ ಕೂಸಿಗೆ ಹುಟ್ಟಿದ ತಿಂಗಳೊಳಗೆ ಮೊದಲ ಪರೀಕ್ಷೆ ಆಗಬೇಕು. ಇನ್ನೂ ಚಿಕ್ಕ ಕೂಸಿಗೆ ಎರಡು ಮೂರು ವಾರದಲ್ಲೇ. ಒಮ್ಮೆ ನೋಡಿ ಹೋದರೆ ಮುಗಿಯಲಿಲ್ಲ, ಮತ್ತೆ ಬನ್ನಿ ಅಂದಿದ್ದರೆ ದಯವಿಟ್ಟು ತಪ್ಪಿಸಬೇಡಿ.

ಇನ್ನೊಮ್ಮೆ ಯಾರಾದರೂ ಅಂಥ ಕಾಗದ ಹಿಡಿದು ಬಂದರೆ ಬೈದು ಕಳಿಸಬೇಡಿ, ಕೂರಿಸಿ ಪ್ರಶ್ನೆ ಕೇಳಿ. ಎರಡೂ ಚಿಕಿತ್ಸೆ ಈಗಾಗಲೇ ಬಳಕೆಯಲ್ಲಿವೆಯಾ? ನೈತಿಕ ಸಮಿತಿ ಒಪ್ಪಿದೆಯಾ? ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿ ಸಂಖ್ಯೆ ಎಷ್ಟು? ನಾಳೆ ಬೇಡ ಅಂದರೆ ಆರೈಕೆಯಲ್ಲಿ ಕೊರತೆ ಮಾಡದೆ ಬಿಡುತ್ತೀರಾ? ಇಷ್ಟಕ್ಕೆ ನೇರ ಉತ್ತರ ಸಿಗದಿದ್ದರೆ ಸಹಿ ಹಾಕಬೇಡಿ. ಆ ಡಾಕ್ಟರ ಮೇಲೆ ಜಗಳಕ್ಕೆ ನಾನೂ ಬರುತ್ತೇನೆ, ಬಸ್ ಚಾರ್ಜು ನಂದೇ.

— ಸಂ.