ಕಪ್ಪಾದ ಉಗುರಿಗೆ ಸೂಜಿ ಬೇಡ

ತೀರ್ಥಹಳ್ಳಿಯ ತೋಟದಲ್ಲಿ ಅಡಿಕೆ ಕೊನೆ (ಗೊನೆ) ಕಾಲಿನ ಹೆಬ್ಬೆರಳ ಮೇಲೆ ಬಿದ್ದು ನಾಲ್ಕು ದಿನವಾಯಿತು, ಉಗುರು ಕಪ್ಪಾಗಿದೆ, ನೋವು ಇಳಿದಿದೆ, ಸೂಜಿ ಕಾಯಿಸಿ ತೂತು ಮಾಡಲೇ ಎಂದು ಕೇಳಿದ್ದೀರಿ.

ಬೇಡ ಮಾರಾಯರೇ. ಆ ಕಪ್ಪು, ಉಗುರಿನಡಿ ಹೆಪ್ಪುಗಟ್ಟಿದ ರಕ್ತ. ಅದನ್ನು ಹೊರಬಿಡುವುದರಿಂದ ಪ್ರಯೋಜನವಾಗುವುದು ಬೆರಳು ಮಿಡಿದು ನೋಯುವ ಮೊದಲ ಒಂದೆರಡು ದಿನಗಳಲ್ಲಿ, ಅದೂ ವೈದ್ಯರ ಕೈಯಲ್ಲಿ. ಈಗ ಚುಚ್ಚಿದರೆ ಸೋಂಕಿಗೆ ದಾರಿ ಮಾಡಿಕೊಟ್ಟಂತೆ.

ಉಗುರು ಸಡಿಲವಾದರೂ ಕೀಳಬೇಡಿ. ಕೆಳಗಿನ ಮೆದು ಚರ್ಮಕ್ಕೆ ಅದೇ ಹೊದಿಕೆ. ಎದ್ದ ಅಂಚು ಬಟ್ಟೆಗೆ ಸಿಕ್ಕುತ್ತಿದ್ದರೆ ಅಷ್ಟನ್ನೇ ಕತ್ತರಿಸಿ, ಪಟ್ಟಿ ಸುತ್ತಿ. ಹೊಸ ಉಗುರು ಪೂರ್ತಿ ಬೆಳೆಯಲು 12ರಿಂದ 18 ತಿಂಗಳು ಬೇಕು. ನನಗೂ ಒಮ್ಮೆ ಹೀಗೇ ಆಗಿತ್ತು; ಮುಂದಿನ ಕೊಯ್ಲಿಗೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಬಂದಾಗಲೂ ನನ್ನ ಉಗುರು ಅರೆಬರೆಯಾಗಿಯೇ ಇತ್ತು!

ಬೆರಳು ಸೊಟ್ಟಗಾಗಿದ್ದರೆ, ಕಾಲೂರಲು ಆಗದಿದ್ದರೆ ಎಕ್ಸ್‌ರೇ ತೆಗೆಸಿ. ಚರ್ಮ ಒಡೆದಿದ್ದರೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವಿಚಾರಿಸಿ. ತೋಟದ ಮಣ್ಣು, ಗೊಬ್ಬರದ ನಡುವೆ ಓಡಾಡುವವರು ನಾವು. ಸಕ್ಕರೆ ಕಾಯಿಲೆಯಿದ್ದರೆ ಅಥವಾ ಕೀವು ಕಂಡರೆ ಇಂದೇ ತೋರಿಸಿ. ಒದ್ದೆ ಗಂಬೂಟು ಕೆಲವು ದಿನ ಅಟ್ಟದಲ್ಲಿರಲಿ.

ಉಗುರು ಬೆಳೆದಂತೆ ಕಪ್ಪು ಮುಂದೆ ಸರಿಯಬೇಕು. ಸರಿಯದೆ ಅಲ್ಲೇ ನಿಂತರೆ ಚರ್ಮವೈದ್ಯರನ್ನು ಕಾಣಿ.